ಸಾಧನೆಯೆಂಬ ಅಂಕಣ

ವರ್ಷಕ್ಕೊಮ್ಮೆ ನಮ್ಮಂಥ ಅಧ್ಯಾಪಕರ ಮೇಜಿಗೆ ಒಂದು ನಮೂನೆ ಬರುತ್ತದೆ. ಹೆಸರು, ವಿಭಾಗ, ಸೇವಾವಧಿ ಇವುಗಳನ್ನು ತುಂಬಿ ಮುಗಿಸಿದ ಮೇಲೆ ‘ಈ ಅವಧಿಯ ಸಾಧನೆಗಳು’ ಎಂಬ ಅಂಕಣ ಎದುರಾಗುತ್ತದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2010ರಲ್ಲಿ ಅಂಕಗಳ ಲೆಕ್ಕವನ್ನು ಜಾರಿಗೆ ತಂದ ಮೇಲೆ ಈ ಅಂಕಣಕ್ಕೆ ಬಂದ ಮಹತ್ವ ಅಷ್ಟಿಷ್ಟಲ್ಲ. ವಿಚಾರಸಂಕಿರಣಕ್ಕೆ ಇಷ್ಟು, ಲೇಖನಕ್ಕೆ ಇಷ್ಟು, ಪುಸ್ತಕಕ್ಕೆ ಇಷ್ಟು. ನಿಯಮಗಳು ಅಲ್ಲಿಂದೀಚೆಗೆ ಬದಲಾಗಿವೆ. ಎಣಿಸುವ ಅಭ್ಯಾಸ ಬದಲಾಗಿಲ್ಲ. ಎಣಿಕೆಯನ್ನು ನಾನು ಪೂರ್ತಿ ಹಳಿಯಲಾರೆ. ಏನನ್ನೂ ಬರೆಯದೆ, ಏನನ್ನೂ ಓದದೆ ನಿವೃತ್ತರಾದವರನ್ನೂ ನಾನು ಕಂಡಿದ್ದೇನೆ. ಆದರೆ ಈ ಸಲ ಆ ಅಂಕಣದ ಮುಂದೆ ಕುಳಿತಾಗ ನನ್ನ ಲೇಖನಿ ನಿಂತುಹೋಯಿತು. ಅದಕ್ಕೆ ಕಾರಣ ಮನೆಯ ಕಪಾಟಿನಲ್ಲಿರುವ ಮೂರು ನೋಟ್‌ಪುಸ್ತಕಗಳು. ಅವುಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಪಾಠ ಹೇಳುವುದು ಕೋಲಾರ ಜಿಲ್ಲೆಯ ಒಂದು ಕಾಲೇಜಿನಲ್ಲಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಹಳ್ಳಿಗಳಿಂದ ಮಕ್ಕಳು ಬಸ್ಸು ಹತ್ತಿ ಬರುತ್ತಾರೆ. ಅರ್ಧಕ್ಕರ್ಧ ಮಂದಿಯ ಮನೆಮಾತು ತೆಲುಗು. ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ಕಡೆಯ ಬೆಂಚುಗಳು ಖಾಲಿಯಾಗಿರುತ್ತವೆ. ಮೊದಲ ವರ್ಷದ ತರಗತಿಯಲ್ಲಿ ನಮ್ಮ ಸೀಮೆಯ ಹಿರಿಯರ ಹೆಸರು ಹೇಳಿ ಎಂದರೆ ಎರಡು ಹೆಸರು ತಪ್ಪದೆ ಬರುತ್ತವೆ: ಮುಳಬಾಗಿಲಿನ ಡಿ.ವಿ.ಜಿ., ಮಾಲೂರು ತಾಲ್ಲೂಕಿನ ಮಾಸ್ತಿ. ಇಬ್ಬರೂ ವಿಶ್ವವಿದ್ಯಾನಿಲಯದ ಅಧ್ಯಾಪಕರಲ್ಲ. ಒಬ್ಬರು ಪತ್ರಕರ್ತರು, ಇನ್ನೊಬ್ಬರು ಸರ್ಕಾರಿ ಅಧಿಕಾರಿಗಳು. ಹಿಂದೊಮ್ಮೆ ವಿದ್ಯಾರ್ಥಿಯೊಬ್ಬ ಎದ್ದು ನಿಂತು, ‘ಹಾಗಾದರೆ ಪ್ರೊಫೆಸರುಗಳು ಏನು ಮಾಡಿದರು ಸಾರ್?’ ಎಂದು ಕೇಳಿದ. ತರಗತಿ ನಕ್ಕಿತು, ನಾನೂ ನಕ್ಕೆ. ಉತ್ತರವನ್ನು ಮಾತ್ರ ಅಂದು ಸರಿಯಾಗಿ ಕೊಡಲಿಲ್ಲ.

1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಮಾನವಿಕ ವಿಭಾಗಗಳ ಮೊದಲ ತಲೆಮಾರಿನವರನ್ನು ನನ್ನ ನಮೂನೆಯ ಮುಂದೆ ಕೂರಿಸಿ ನೋಡುವ ಆಸೆ ನನಗೆ ಆಗಾಗ ಆಗುತ್ತದೆ. ಎಂ. ಹಿರಿಯಣ್ಣನವರು 1927ರಲ್ಲಿ ನಿವೃತ್ತರಾದರು. ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆಗಳನ್ನು ಕುರಿತ ಅವರ ಹೆಸರಾಂತ ಇಂಗ್ಲಿಷ್ ಗ್ರಂಥ ಲಂಡನ್ನಿನಲ್ಲಿ ಅಚ್ಚಾದದ್ದು 1932ರಲ್ಲಿ. ಅದರ ಮೂಲಸಾಮಗ್ರಿ ಮೈಸೂರಿನ ತರಗತಿಗಳಲ್ಲಿ ವರ್ಷಗಟ್ಟಲೆ ಕೊಟ್ಟ ಉಪನ್ಯಾಸಗಳೇ. ಒಂದೇ ಪಾಠವನ್ನು ಮತ್ತೆ ಮತ್ತೆ ಹೇಳಿ, ಅಧಿಕವಾದ ಮಾತನ್ನು ಉದುರಿಸಿ, ಇನ್ನು ತೆಗೆಯುವುದೇನೂ ಇಲ್ಲ ಎಂದಾದ ಮೇಲೆ ಆ ಪುಸ್ತಕ ಹೊರಬಂದಿತು ಎಂದು ಅದನ್ನು ಓದುವಾಗಲೆಲ್ಲ ನನಗೆ ಅನಿಸುತ್ತದೆ. ಅವರ ಸೇವಾವಧಿಯ ನಮೂನೆಯಲ್ಲಿ ಈ ಗ್ರಂಥಕ್ಕೆ ಸ್ಥಳವೇ ಇಲ್ಲ.

ಕನ್ನಡದ ಮೊದಲ ಪ್ರಾಧ್ಯಾಪಕರಾದ ಟಿ.ಎಸ್. ವೆಂಕಣ್ಣಯ್ಯನವರ ಲೆಕ್ಕ ಇನ್ನೂ ಕಷ್ಟ. ಬರೆದದ್ದು ಮಿತ, ಬೆಳೆಸಿದ್ದು ಒಂದು ತಲೆಮಾರನ್ನು. 1939ರಲ್ಲಿ ಅವರು ತೀರಿಕೊಂಡು ಹತ್ತು ವರ್ಷಗಳಾದ ಮೇಲೆ ಕುವೆಂಪು ತಮ್ಮ ರಾಮಾಯಣ ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೆ. ಒಂದು ಮಹಾಕಾವ್ಯದ ಅರ್ಪಣೆಗೆ ಎಷ್ಟು ಅಂಕ?

ನಮ್ಮ ಮಕ್ಕಳಿಗೆ ಹೇಳಲೇಬೇಕಾದ ಇನ್ನೊಂದು ಹೆಸರು ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರದು. ಅನಂತಪುರದ ಕಡೆಯವರು, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಕಲಿಸಿದರು, ನಿವೃತ್ತರಾದ ಮೇಲೆ ತಿರುಪತಿಯಲ್ಲಿ ಕುಳಿತು ಅನ್ನಮಾಚಾರ್ಯರ ಕೀರ್ತನೆಗಳಿಗೆ ಸ್ವರ ಕೂಡಿಸಿದರು. ಎರಡು ಭಾಷೆಗಳಲ್ಲಿ ಬದುಕುವುದು ನಾಚಿಕೆಯ ಸಂಗತಿಯಲ್ಲ ಎಂದು ಗಡಿಸೀಮೆಯ ಮಕ್ಕಳಿಗೆ ತಿಳಿಸಲು ನಾನು ಇವರ ಕಥೆಯನ್ನು ಬಳಸಿಕೊಳ್ಳುತ್ತೇನೆ.

ನನ್ನ ಮಟ್ಟಿಗೆ ಈ ಪರಂಪರೆಯ ಹೃದಯವಿರುವುದು ಗ್ರಂಥಸಂಪಾದನೆಯಲ್ಲಿ. ವಡ್ಡಾರಾಧನೆಯನ್ನೇ ತೆಗೆದುಕೊಳ್ಳೋಣ. ಹತ್ತೊಂಬತ್ತು ಕಥೆಗಳು, ಪ್ರತಿಯೊಂದರ ತಲೆಯಲ್ಲೂ ಒಂದು ಪ್ರಾಕೃತ ಗಾಹೆ. ಆ ಗಾಹೆಗಳು ಶಿವಾರ್ಯನ ಭಗವತೀ ಆರಾಧನೆಯವು. ಕೊಲ್ಲಾಪುರದ ರಾಜಾರಾಮ್ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸುತ್ತಿದ್ದ ಸದಲಗಾದ ಆ.ನೇ. ಉಪಾಧ್ಯೆಯವರು 1943ರಲ್ಲಿ ಹರಿಷೇಣನ ಬೃಹತ್ಕಥಾಕೋಶವನ್ನು ಪ್ರಕಟಿಸಿದಾಗ, ಅದರ ದೀರ್ಘ ಪ್ರಸ್ತಾವನೆಯಲ್ಲಿ ಆರಾಧನಾ ಕಥೆಗಳ ಇಡೀ ವಂಶವೃಕ್ಷವನ್ನೇ ಹರಡಿ, ಕನ್ನಡದ ಈ ಗದ್ಯಕೃತಿ ಅದರ ಯಾವ ಕೊಂಬೆಯಲ್ಲಿದೆ ಎಂಬುದನ್ನು ವಿವೇಚಿಸಿದರು. ಮೈಸೂರಿನಲ್ಲಿ ಡಿ.ಎಲ್. ನರಸಿಂಹಾಚಾರ್ಯರು ಓಲೆಪ್ರತಿಗಳನ್ನು ಹೋಲಿಸಿ 1949ರಲ್ಲಿ ಅದರ ಪಠ್ಯವನ್ನು ಕೊಟ್ಟರು. ಒಬ್ಬರು ಕಥೆಯ ಮೂಲವನ್ನು ಹುಡುಕಿದರು, ಇನ್ನೊಬ್ಬರು ಅಕ್ಷರ ಅಕ್ಷರವನ್ನೂ ಶೋಧಿಸಿದರು. ಮುಂದೆ 1971ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗ ಆರಂಭವಾದಾಗ ಅದನ್ನು ಕಟ್ಟಲು ಬಂದವರು ಅದೇ ಉಪಾಧ್ಯೆಯವರು. ಇಂದು ಸುಕುಮಾರಸ್ವಾಮಿಯ ಕಥೆಯನ್ನು ಪಠ್ಯಪುಸ್ತಕದಲ್ಲಿ ಓದುವ ವಿದ್ಯಾರ್ಥಿ ಈ ಇಬ್ಬರ ಶ್ರಮದ ಮೇಲೆ ನಡೆಯುತ್ತಿರುತ್ತಾನೆ. ಕಾಲಡಿಯಲ್ಲಿ ಏನಿದೆಯೆಂದು ಅವನಿಗೆ ತಿಳಿಯದು. ತಿಳಿಯಬಾರದೆಂಬುದೇ ಸಂಪಾದಕನ ಗುರಿ ಎನ್ನಬಹುದೇನೋ.

ನಮ್ಮ ಜಿಲ್ಲೆಯವರೇ ಬೇಕೆಂದರೆ ಎಲ್. ಬಸವರಾಜು ಇದ್ದಾರೆ. ಅವರ ಊರು ಗೌರಿಬಿದನೂರು ತಾಲ್ಲೂಕಿನ ಇಡಗೂರು. ಆ ತಾಲ್ಲೂಕು 2007ರವರೆಗೆ ಕೋಲಾರ ಜಿಲ್ಲೆಯದೇ. ಮೈಸೂರಿನಲ್ಲಿ ಪ್ರಾಧ್ಯಾಪಕರಾಗಿದ್ದು ಅಲ್ಲಮನ ವಚನಗಳನ್ನು ಸಂಪಾದಿಸಿದವರು, ಪಂಪಭಾರತವನ್ನು ಸಾಮಾನ್ಯ ಓದುಗನೂ ಉಚ್ಚರಿಸಬಲ್ಲ ಹಾಗೆ ಪದ ಬಿಡಿಸಿ ಕೊಟ್ಟವರು. ‘ಸರಳ’ ಎಂಬ ವಿಶೇಷಣವನ್ನು ಪಂಪನ ಹೆಸರಿನ ಹಿಂದೆ ಹಾಕುವ ಧೈರ್ಯಕ್ಕೆ ಎಷ್ಟು ಪಾಂಡಿತ್ಯ ಬೇಕು ಎಂಬುದು ಪಂಪನನ್ನು ತರಗತಿಯಲ್ಲಿ ಕಲಿಸಿದವರಿಗೆ ಗೊತ್ತು.

ಇನ್ನು ನೋಟ್‌ಪುಸ್ತಕಗಳ ವಿಷಯ. ನನ್ನ ಮಾರ್ಗದರ್ಶಕರು ನಿವೃತ್ತರಾದ ಮೇಲೆ ಒಂದು ಚಿಕ್ಕ ಜೈನ ಕಥಾಕೃತಿಯ ಸಂಪಾದನೆಗೆ ತೊಡಗಿದ್ದರು. ಕಣ್ಣು ಮಂದವಾದಾಗ ಮೂರು ನೋಟ್‌ಪುಸ್ತಕಗಳನ್ನೂ ಓಲೆಗಳ ಛಾಯಾಪ್ರತಿಗಳನ್ನೂ ನನ್ನ ಕೈಯಲ್ಲಿಟ್ಟು, ‘ನಿಧಾನವಾಗಿ ಮುಗಿಸು’ ಎಂದರು. ನಾನು ಆ ಮಾತಿನ ಮೊದಲರ್ಧವನ್ನು ಮಾತ್ರ ಪಾಲಿಸಿದೆ. ಹದಿನೇಳು ವರ್ಷಗಳಾದವು. ಅವರು ಈಗಿಲ್ಲ. ಈ ಅವಧಿಯಲ್ಲಿ ನಾನು ಓದಿದ ಪ್ರಬಂಧಗಳ ಪಟ್ಟಿ ಉದ್ದವಾಗಿದೆ. ಪ್ರತಿ ಪ್ರಬಂಧಕ್ಕೂ ಪ್ರಮಾಣಪತ್ರವಿದೆ. ಅವುಗಳಲ್ಲಿ ಎರಡನ್ನು ಮತ್ತೆ ಓದಲು ನನಗೇ ಮನಸ್ಸಿಲ್ಲ. ಪಾಠಾಂತರದ ಕೆಲಸಕ್ಕೆ ಅಂಕವಿಲ್ಲ, ಮುಗಿದ ಮೇಲಷ್ಟೇ ಇದೆ. ಮುಗಿಯುವ ಕಾಲ ಯಾವುದೆಂದು ಯಾವ ನಮೂನೆಯೂ ಕೇಳುವುದಿಲ್ಲ. ಇದನ್ನು ನೆಪವೆಂದರೆ ಒಪ್ಪುತ್ತೇನೆ.

ಎರಡನೆಯ ನೋಟ್‌ಪುಸ್ತಕದಲ್ಲಿ ವರ್ತಕನೊಬ್ಬನ ಕಥೆಯ ಗದ್ಯಭಾಗವಿದೆ. ಅಲ್ಲಿ ‘ಆವಣದೊಳ್’ ಎಂದು ಬರೆದು, ಅಂಚಿನಲ್ಲಿ ಗುರುಗಳು ‘ಆವಣಿಯೊಳ್?’ ಎಂದು ಗುರುತು ಹಾಕಿದ್ದರು. ಆ ಪ್ರಶ್ನಾರ್ಥಕ ಚಿಹ್ನೆ ನನ್ನನ್ನು ಬಹಳ ಕಾಲ ಆಳಿತು. ಮುಳಬಾಗಿಲು ತಾಲ್ಲೂಕಿನ ಆವಣಿ ಎಂದರೆ ಸಾಮಾನ್ಯ ಸ್ಥಳವೇ? ನೊಳಂಬರ ಕಾಲದ ದೇಗುಲಗಳು. ರೈಸರು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಸಂಪುಟದಲ್ಲಿ ಅಲ್ಲಿನ ಶಾಸನಗಳು. ಹತ್ತನೆಯ ಶತಮಾನದ ತ್ರಿಭುವನಕರ್ತನೆಂಬ ಶೈವ ಯತಿ ನಲವತ್ತು ವರ್ಷ ಆ ಸ್ಥಾನವನ್ನು ಆಳಿ, ಐವತ್ತು ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಅಲ್ಲಿನ ಶಾಸನ ಹೇಳುತ್ತದೆ. (ಸಾಧನೆಯ ಅಂಕಣವನ್ನು ಇಷ್ಟು ಚೊಕ್ಕವಾಗಿ ತುಂಬಿದವರು ನಮ್ಮ ಜಿಲ್ಲೆಯಲ್ಲಿ ಮತ್ತೊಬ್ಬರಿಲ್ಲ.) ಅಂಥ ಊರಿನ ಹೆಸರು ಒಂದು ಜೈನ ಕಥೆಯಲ್ಲಿ ಸಿಕ್ಕಿದರೆ ಅದೊಂದು ಲೇಖನವೇ. ಶೀರ್ಷಿಕೆಯನ್ನೂ ಇಟ್ಟುಕೊಂಡಿದ್ದೆ.

ಕಳೆದ ವರ್ಷ ಶ್ರೀನಿವಾಸಪುರದ ಕಡೆಯ ವಿದ್ಯಾರ್ಥಿನಿಯೊಬ್ಬಳು ಹಳಗನ್ನಡ ಓದುವುದನ್ನು ಕಲಿಯಬೇಕೆಂದು ಶನಿವಾರಗಳಲ್ಲಿ ಬರತೊಡಗಿದಳು. ಛಾಯಾಪ್ರತಿಯನ್ನು ಅವಳ ಮುಂದಿಟ್ಟು, ಆವಣಿಯ ಸಂಗತಿಯನ್ನು ಉತ್ಸಾಹದಿಂದ ವಿವರಿಸಿದೆ. ಅವಳು ಬಹಳ ಹೊತ್ತು ನೋಡಿ, ‘ಸಾರ್, ಇದು ವಕಾರ ಅಲ್ಲ, ಪಕಾರ’ ಎಂದಳು. ಅವಳ ಅಜ್ಜಿ ಭಜನೆಯ ಹಾಡುಗಳನ್ನು ತೆಲುಗಿನಲ್ಲಿ ಬರೆದಿಟ್ಟುಕೊಳ್ಳುತ್ತಾರಂತೆ. ತೆಲುಗಿನ ಪಕಾರದಲ್ಲಿ ತಲೆಕಟ್ಟು ಅಕ್ಷರದ ಮೈಗೆ ಅಂಟದೆ ಬಿಡಿಯಾಗಿ ನಿಲ್ಲುತ್ತದೆ, ವಕಾರದಲ್ಲಿ ಅಂಟಿಕೊಳ್ಳುತ್ತದೆ. ಓಲೆಯಲ್ಲಿ ತಲೆಕಟ್ಟು ಬಿಡಿಯಾಗಿಯೇ ಇತ್ತು. ಸವೆತದಿಂದ ಕೆಳಗಿನ ಸುಳಿ ಮುಚ್ಚಿಕೊಂಡಂತೆ ಕಂಡು, ಗುರುಗಳೂ ನಾನೂ ಅದನ್ನು ವಕಾರವೆಂದು ಓದಿದ್ದೆವು. ಪದ್ಯವಾಗಿದ್ದರೆ ಪ್ರಾಸವೇ ತೀರ್ಪು ಕೊಡುತ್ತಿತ್ತೇನೋ, ಇದು ಗದ್ಯ. ಲಿಪಿಕಾರನೂ ನಮ್ಮ ಗಡಿಸೀಮೆಯ ಕೈಯವನೇ ಇರಬೇಕು. ‘ಆಪಣದೊಳ್’: ಅಂಗಡಿಯಲ್ಲಿ. ವರ್ತಕನು ಅಂಗಡಿಯಲ್ಲಿ ಕುಳಿತಿದ್ದನು, ಅಷ್ಟೆ.

ನನ್ನ ಲೇಖನ ಅಲ್ಲಿಗೆ ಮುಗಿಯಿತು. ಒಂದು ಕ್ಷಣ ಅವಳ ಮೇಲೆ ಸಿಟ್ಟು ಬಂದದ್ದನ್ನು ಮುಚ್ಚಿಡಲಾರೆ. ಮರುಕ್ಷಣವೇ ಹಿಂದಿನ ಹಾಳೆಗಳನ್ನು ತಿರುವಿದೆ. ಗುರುಗಳು ಪ್ರಶ್ನೆ ಹಾಕಿಟ್ಟಿದ್ದ ಇನ್ನೂ ಆರು ಕಡೆಗಳಲ್ಲಿ ಅದೇ ಅಕ್ಷರವಿತ್ತು. ನಾಲ್ಕು ಕಡೆ ಪಕಾರ ಹಾಕಿ ಓದಿದರೆ ವಾಕ್ಯ ತಾನಾಗಿ ನೆಟ್ಟಗಾಯಿತು. ಉಳಿದೆರಡು ಇನ್ನೂ ಬಗೆಹರಿದಿಲ್ಲ.

ಈ ವರ್ಷದ ಅಂಕಣದಲ್ಲಿ ಎರಡು ವಿಚಾರಸಂಕಿರಣಗಳನ್ನು ನಮೂದಿಸಿ ಸಹಿ ಹಾಕಿದೆ. ಗುರುಗಳ ‘ಆವಣಿಯೊಳ್?’ ಎಂಬುದನ್ನು ಅಳಿಸಲಿಲ್ಲ. ಅದರ ಕೆಳಗೆ ಪೆನ್ಸಿಲಿನಲ್ಲಿ ‘ಆಪಣದೊಳ್’ ಎಂದು ಬರೆದು, ಪಕ್ಕದಲ್ಲಿ ತನ್ನ ಹೆಸರಿನ ಮೊದಲಕ್ಷರ ಹಾಕುವಂತೆ ಅವಳಿಗೆ ಹೇಳಿದೆ. ಅವಳು ಕನ್ನಡದಲ್ಲಿ ಹಾಕಲೇ ತೆಲುಗಿನಲ್ಲಿ ಹಾಕಲೇ ಎಂದು ಕೇಳಿದಳು. ಮೂರನೆಯ ನೋಟ್‌ಪುಸ್ತಕದಲ್ಲಿ ನಲವತ್ತೊಂದು ಹಾಳೆಗಳು ಬಾಕಿ ಇವೆ. ಶನಿವಾರ ಅವಳ ಬಸ್ಸು ನಾಲ್ಕೂವರೆಗೆ. ಎರಡು ಗಂಟೆಗೆ ಕುಳಿತರೆ ಮೂರು ಹಾಳೆ ಆಗುತ್ತದೆ.