ಚಳಿಗಾಲದ ತೆಂಕಣ ದಾರಿ

ಕಾರ್ತಿಕ ಕಳೆದು ಮಾರ್ಗಶಿರ ಕಾಲಿಟ್ಟಿತೆಂದರೆ ಚಳಿಯ ಸೀಮೆಗಳಲ್ಲಿ ಹಕ್ಕಿಗಳಿಗೂ ಮನುಷ್ಯರಿಗೂ ತೆಂಕಣ ದಿಕ್ಕಿನ ನೆನಪಾಗುವುದು. ಕೆನಡಾದಲ್ಲಿಯೂ ಅಮೆರಿಕದ ಉತ್ತರ ಪ್ರಾಂತಗಳಲ್ಲಿಯೂ ಹಿಮ ಬೀಳತೊಡಗಿದಾಗ, ಕೆಲಸದಿಂದ ನಿವೃತ್ತರಾದ ಸಹಸ್ರಾರು ಮಂದಿ ಊರಿನ ಮನೆಗೆ ಬೀಗ ಹಾಕಿ, ಗಾಲಿಗಳ ಮೇಲಿನ ಇನ್ನೊಂದು ಮನೆಯನ್ನೇರಿ ಅರಿಜೋನಾ, ಫ್ಲಾರಿಡಾಗಳ ಬೆಚ್ಚನೆಯ ಬಯಲಿಗೆ ಹೊರಡುವರು. ಒಲೆ, ಹಾಸಿಗೆ, ನೀರಿನ ತೊಟ್ಟಿ, ಸ್ನಾನದ ಮೂಲೆ, ಎಲ್ಲವೂ ಆ ವಾಹನದಲ್ಲಿಯೇ ಅಡಕವಾಗಿರುವುವು. ಇಂಥವರಿಗೆ ಅಲ್ಲಿಯ ಜನ ‘ಸ್ನೋಬರ್ಡ್’, ಎಂದರೆ ಹಿಮದ ಹಕ್ಕಿಗಳು, ಎಂದು ಹೆಸರಿಟ್ಟಿದ್ದಾರೆ. ಒಂಟಿಯಾಗಿ ಹೊರಟವರೂ ಅವರಲ್ಲಿ ಕಡಮೆಯಲ್ಲ. ಆದರೆ ಎಲ್ಲರೂ ಸುಖಕ್ಕೆಂದೇ ಹೊರಟವರಲ್ಲ. ಮನೆಯ ಬಾಡಿಗೆ ತೆರಲಾರದೆ ಗಾಡಿಯನ್ನೇ ಮನೆ ಮಾಡಿಕೊಂಡು, ಕೂಲಿ ಸಿಕ್ಕಿದೆಡೆಗೆ ಅಲೆಯುವ ವೃದ್ಧರೂ ಆ ಗುಂಪಿನಲ್ಲಿ ಇದ್ದಾರೆ ಎಂಬುದನ್ನು 2017ರಲ್ಲಿ ಪ್ರಕಟವಾದ ‘ನೋಮ್ಯಾಡ್‌ಲ್ಯಾಂಡ್’ ಎಂಬ ಗ್ರಂಥ ಲೋಕಕ್ಕೆ ತಿಳಿಸಿತು.

ಮನೆಗಾಡಿಯ ಪ್ರವಾಸ ನಮ್ಮ ದೇಶಕ್ಕೂ ಬಂದಿದೆ. ಕೇರಳ ಸರಕಾರ 2021ರಲ್ಲಿ ಅದಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಆದರೆ ಮನೆಯನ್ನು ಬೆನ್ನಿಗೆ ಕಟ್ಟಿಕೊಂಡು ಚಳಿಗಾಲದಲ್ಲಿ ದಾರಿ ಹಿಡಿಯುವುದು ಕನ್ನಡ ನಾಡಿಗೆ ಹೊಸತೆಂದು ತಿಳಿಯುವವರು ಒಮ್ಮೆ ರಾಯಚೂರಿನಿಂದ ಮಾನ್ವಿಯ ಕಡೆಗೆ ಹೋಗಿ ನೋಡಬೇಕು.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವೆ ಎಡೆದೊರೆ ನಾಡು. ಬೇಸಗೆಯಲ್ಲಿ ಇಲ್ಲಿ ಉಷ್ಣತೆ 40 ಡಿಗ್ರಿಯನ್ನು ಲೀಲಾಜಾಲವಾಗಿ ದಾಟುವುದು. ಆದುದರಿಂದ ಈ ಸೀಮೆಯನ್ನು ಕಾಣಬಯಸುವವರಿಗೆ ಮಾರ್ಗಶಿರದಿಂದ ಮಾಘದವರೆಗಿನ ಮೂರು ತಿಂಗಳೇ ಪ್ರಶಸ್ತ. ಬೆಳಗಿನ ಇಬ್ಬನಿಯಲ್ಲಿ ಎರೆಯ ಹೊಲಗಳು ತಣ್ಣಗೆ ಮಲಗಿರುವುವು. ಬಿಳಿಜೋಳ ತೆನೆಗಟ್ಟುತ್ತಿರುವುದು. ಹತ್ತಿ ಒಡೆದು ನಗುತ್ತಿರುವುದು. ಕಾಲುವೆಯ ನೀರು ಹರಿದ ಕಡೆಗಳಲ್ಲಿ ಭತ್ತದ ಕೊಯ್ಲು ಮುಗಿದು ಹುಲ್ಲಿನ ಬಣವೆಗಳು ಮೇಲೇಳುತ್ತಿರುವುವು.

ದಾರಿ ಹಿಡಿಯುವ ಮುನ್ನ ರಾಯಚೂರಿನ ಕೋಟೆಯಲ್ಲಿ ಒಂದು ಕಲ್ಲನ್ನು ನೋಡಬೇಕು. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದ ಕೋಟೆಯಿದು ಎಂದು ಸಾರುವ ಶಾಸನ ಆ ಕಲ್ಲಿನ ಮೇಲಿದೆ. ಕಲ್ಲಿನ ಉದ್ದ ಸುಮಾರು 41 ಅಡಿ! ಇಷ್ಟು ದೊಡ್ಡ ಬಂಡೆಯನ್ನು ಗೋಡೆಗೆ ತಂದು ಸೇರಿಸಿದುದಾದರೂ ಹೇಗೆ ಎಂದು ನೋಡುವವರು ಬೆರಗಾಗುವರೆಂದು ಅಂದಿನ ಶಿಲ್ಪಿಗೆ ಮೊದಲೇ ಹೊಳೆದಿರಬೇಕು. ಅದಕ್ಕೆ ಉತ್ತರವನ್ನೂ ಅವನು ಅಲ್ಲಿಯೇ ಕೆತ್ತಿಟ್ಟಿದ್ದಾನೆ. ಅರೆಗಳಿಲ್ಲದ ಗಟ್ಟಿ ಗಾಲಿಯ ಗಾಡಿ, ಅದರ ಮೇಲೆ ಬಂಡೆ, ಮುಂದೆ ಸಾಲುಗಟ್ಟಿ ನೊಗಕ್ಕೆ ಹೆಗಲು ಕೊಟ್ಟ ಕೋಣಗಳು, ಅವುಗಳನ್ನು ಹುರಿದುಂಬಿಸುವ ಆಳುಗಳು. ಶಾಸನದಲ್ಲಿ ಕಟ್ಟಿಸಿದ ದಣಿಯ ಹೆಸರುಂಟು, ಎಳೆದವರ ಹೆಸರಿಲ್ಲ. ಆದರೂ ಅವರ ಶ್ರಮದ ಚಿತ್ರ ಏಳು ನೂರು ವರ್ಷಗಳನ್ನು ದಾಟಿ ಉಳಿದುಕೊಂಡಿತು. ಈ ನಾಡಿನಲ್ಲಿ ಗಾಡಿ ಮತ್ತು ದುಡಿಮೆ ಎರಡೂ ಎಷ್ಟು ಹಳೆಯ ಒಡನಾಡಿಗಳೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ರಾಯಚೂರನ್ನು ಬಿಟ್ಟು ಮಾನ್ವಿಯ ದಾರಿ ಹಿಡಿದರೆ ಚಳಿಗಾಲದ ಮೊದಲ ಪ್ರಯಾಣಿಕರು ಎದುರಾಗುವರು. ಅವರು ಕುರಿಗಾಹಿಗಳು. ಕಂಬಳಿ ಹೊದ್ದ ಹಿರಿಯ ಮುಂದೆ, ನಡುವೆ ಕುರಿಗಳ ಹೊಳೆ, ಹಿಂದೆ ನಾಯಿಗಳು. ಈ ಸೀಮೆಯ ಕುರಿ ‘ಕೆಂಗುರಿ’. ಹೆಸರೇ ಹೇಳುವಂತೆ ಕೆಂಪು ಮಿಶ್ರಿತ ಕಂದು ಬಣ್ಣದ್ದು, ಬಿಸಿಲನ್ನೂ ನಡಿಗೆಯನ್ನೂ ತಾಳಬಲ್ಲದ್ದು. ಪಾತ್ರೆ, ಹಿಟ್ಟಿನ ಚೀಲ, ಬಲೆ, ಗೂಟ, ನಡೆಯಲಾರದ ಎಳೆಮರಿ, ಇವು ಹಿಂದೆ ಕುದುರೆಯ ಬೆನ್ನೇರುತ್ತಿದ್ದುವು. ಈಗ ಅನೇಕರಿಗೆ ಸಣ್ಣ ಸರಕಿನ ಮೋಟಾರು ಬಂದಿದೆ. ಕೊಯ್ಲಾದ ಹೊಲದಲ್ಲಿ ರಾತ್ರಿ ಮಂದೆ ಕೂಡಿಸಿದರೆ ಹೊಲದೊಡೆಯನಿಗೆ ಗೊಬ್ಬರ, ಕುರಿಯವನಿಗೆ ಕಾಳು ಅಥವಾ ಹಣ. ಕಾಗದ ಪತ್ರಗಳಿಲ್ಲದ ಒಪ್ಪಂದವಿದು. ಹೋದ ವರ್ಷ ಮಂದೆ ನಿಂತ ಹೊಲದ ಪೈರನ್ನು ಈ ವರ್ಷ ದೂರದಿಂದಲೇ ಗುರುತಿಸಬಹುದೆಂದು ರೈತರು ಹೇಳುವರು. ಆದರೆ ಕಾಲುವೆ ಬಂದು ವರ್ಷಕ್ಕೆರಡು ಬೆಳೆ ತೆಗೆಯುವ ಕಡೆಗಳಲ್ಲಿ ಬೀಳು ನೆಲ ಕಡಮೆಯಾಗಿ, ಕುರಿಯವರ ದಾರಿ ವರ್ಷದಿಂದ ವರ್ಷಕ್ಕೆ ಇಕ್ಕಟ್ಟಾಗುತ್ತಿದೆ.

ಇದೇ ನೆಲದಲ್ಲಿ ಒಂಟಿಯಾಗಿ ದಾರಿ ನಡೆದವರ ಇನ್ನೊಂದು ಪರಂಪರೆಯೂ ಇದೆ. ತುಂಗಭದ್ರೆಯ ದಡದ ಚೀಕಲಪರವಿ ಮಾನ್ವಿ ಸೀಮೆಗೇ ಸೇರಿದ ಊರು. 1682ರಲ್ಲಿ ಅಲ್ಲಿ ಕಡುಬಡತನದ ಮನೆಯಲ್ಲಿ ಹುಟ್ಟಿದ ದಾಸಪ್ಪನೆಂಬ ಹುಡುಗ ಮನೆ ಬಿಟ್ಟು ಕಾಶಿಯವರೆಗೆ ಅಲೆದು, ಮುಂದೆ ವಿಜಯದಾಸರೆಂದು ನಾಡಿಗೆಲ್ಲ ಹೆಸರಾದರು. ಅವರ ಶಿಷ್ಯರಾದ ಗೋಪಾಲದಾಸರ ಊರು ದೇವದುರ್ಗದ ಬಳಿಯ ಮೊಸರಕಲ್ಲು. ‘ಹರಿಕಥಾಮೃತಸಾರ’ದ ಜಗನ್ನಾಥದಾಸರು ನೆಲೆಸಿದುದು ಮಾನ್ವಿಯಲ್ಲಿ. ದಾಸರ ಸಾಮಾನುಗಳ ಪಟ್ಟಿ ಚಿಕ್ಕದು: ತಂಬೂರಿ, ಗೆಜ್ಜೆ, ತಾಳ, ಜೋಳಿಗೆ. ಮನೆಯನ್ನು ಅಷ್ಟು ಹಗುರ ಮಾಡಿಕೊಂಡವರು ವಿರಳ. ಹಸಿವಿನಿಂದ ಊರು ಬಿಟ್ಟವನೂ ಅರಿವನ್ನು ಹೊತ್ತು ಹಿಂದಿರುಗಬಲ್ಲನೆಂಬುದಕ್ಕೆ ವಿಜಯದಾಸರ ಬಾಳು ನಿದರ್ಶನ. ಆದರೆ ಊರು ಬಿಟ್ಟವರೆಲ್ಲರಿಗೂ ಆ ಭಾಗ್ಯ ದೊರೆಯುವುದಿಲ್ಲ.

ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಂಥ ಊರುಗಳನ್ನು ಹೊಕ್ಕಾಗ ಈ ಮಾತಿನ ಅರ್ಥ ತಿಳಿಯುವುದು. ಒಬ್ಬನೇ ಬಂದ ಪ್ರವಾಸಿಗನನ್ನು ಕಟ್ಟೆಯ ಮೇಲಿನ ಹಿರಿಯರು ಮೊದಲು ಕೇಳುವುದು ಊರ ಹೆಸರನ್ನಲ್ಲ, “ಒಬ್ರೇ ಬಂದೀರೇನ್ರಿ? ಜೋಡಿ ಯಾರೂ ಇಲ್ಲೇನು?” ಎಂದು. ಒಂಟಿತನವೆಂಬುದು ಸುಖಕ್ಕಾಗಿ ಆರಿಸಿಕೊಳ್ಳತಕ್ಕ ವಸ್ತುವೆಂದು ಆ ಸೀಮೆಯವರು ನಂಬಲಾರರು. ರೊಟ್ಟಿಯ ಹೊತ್ತಾಗಿದ್ದರೆ ಬಂದವನನ್ನು ಹಾಗೆಯೇ ಕಳಿಸಲಾರರು. ಕಟಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಲೆ, ಮೇಲಿಷ್ಟು ಮೊಸರು ಇದ್ದರೆ ಅದಕ್ಕಿಂತ ಬೇರೆ ಔತಣ ಬೇಕಾಗದು.

ಈ ಸೀಮೆಯ ಭಾಗ್ಯವನ್ನು ಬರೆಯುವುದು ನೀರು. 1945ರಲ್ಲಿ ಆರಂಭವಾಗಿ 1953ರಲ್ಲಿ ಪೂರ್ಣವಾದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಮುನಿರಾಬಾದಿನಲ್ಲಿ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿಗಳ ನೆಲವನ್ನು ಮುಟ್ಟಿ ರಾಯಚೂರಿನ ಕಡೆಗೆ ಸಾಗುವುದು. ಅದರ ಉದ್ದ ಸುಮಾರು 227 ಕಿಲೋಮೀಟರು. ಕಾಲುವೆ ಬಂದೊಡನೆ ಕರಾವಳಿ ಆಂಧ್ರದಿಂದ ರೈತರು ಬಂದು ಎರೆ ನೆಲವನ್ನು ಕೊಂಡು, ಭತ್ತದ ಗದ್ದೆ ಮಾಡಿ, ಹೊಲಗಳ ನಡುವೆಯೇ ನೆಲೆಸಿದರು. ಆ ನೆಲೆಗಳಿಗೆ ಇಂದಿಗೂ ‘ಕ್ಯಾಂಪು’ಗಳೆಂದೇ ಹೆಸರು. ತಾತ್ಕಾಲಿಕ ಬಿಡಾರವೆಂಬ ಅರ್ಥದ ಪದ ಮೂರು ತಲೆಮಾರುಗಳ ಊರಿಗೆ ಅಂಟಿಕೊಂಡು ನಿಂತಿರುವುದೊಂದು ಸೋಜಿಗ. ಒಂದು ಕಾಲದಲ್ಲಿ ಬಿಡಾರ ಹೂಡಿದವರು ಇಲ್ಲಿ ಬೇರೂರಿದರು. ತಲೆತಲಾಂತರದಿಂದ ಬೇರೂರಿದ್ದವರಲ್ಲಿ ಅನೇಕರು ಬಿಡಾರ ಹೂಡಲು ಬೇರೆಡೆಗೆ ಹೊರಟರು.

ಕಾರಣ ಸರಳ. ಕಾಲುವೆಯ ಮೊದಲಿನವರಿಗೆ ನೀರು ಸಮೃದ್ಧ, ಕೊನೆಯವರಿಗೆ ಕಾಯುವ ಕೆಲಸ. ಮೇಲ್ಭಾಗದಲ್ಲಿ ಭತ್ತಕ್ಕೆ ಹೆಚ್ಚು ನೀರೆಳೆದಷ್ಟೂ ಮಾನ್ವಿ, ಸಿರವಾರ, ರಾಯಚೂರುಗಳ ಕೊನೆಯ ಹೊಲಗಳಿಗೆ ಕಡಮೆ. ಕೊನೆಯಂಚಿಗೂ ನೀರು ಬಿಡಬೇಕೆಂದು ರೈತರು ರಸ್ತೆಗಿಳಿಯುವುದು ಈ ಸೀಮೆಯ ಪತ್ರಿಕೆಗಳಲ್ಲಿ ಹಳೆಯ ಸುದ್ದಿ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ, ಕೆಲ ದಿನಗಳ ಮಟ್ಟಿಗೆ ಇಡೀ ಸೀಮೆ ಉಸಿರು ಬಿಗಿಹಿಡಿದು ಕುಳಿತಿತ್ತು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಇಳಿಸಿದ ಮೇಲೆ ಜನಕ್ಕೆ ಜೀವ ಬಂದಿತು. ಕಾಲುವೆಯೇ ಮುಟ್ಟದ ಹೊಲಗಳ ಪಾಡಂತೂ ಮಳೆರಾಯನ ಕೈಯಲ್ಲಿದೆ.

ಮಳೆಯ ಬೆಳೆ ಮುಗಿದು ಊರಿನಲ್ಲಿ ಕೂಲಿ ಇಲ್ಲವಾದಾಗ ಚಳಿಗಾಲದ ದೊಡ್ಡ ಪ್ರಯಾಣ ಮೊದಲಾಗುವುದು. ಅದಕ್ಕೆ ಈ ಸೀಮೆಯ ಹೆಸರು ‘ಗುಳೆ’. ಕೆಲವರು ದೀಪಾವಳಿಯಾದ ಮೇಲೆ, ಕೆಲವರು ಸಂಕ್ರಾಂತಿಯಾದ ಮೇಲೆ ಹೊರಡುವರು. ದೇವದುರ್ಗ, ಲಿಂಗಸುಗೂರು, ಮಾನ್ವಿಗಳ ಬಸ್ಸಿನ ನಿಲ್ದಾಣದಲ್ಲಿ ಸಂಜೆಯ ಹೊತ್ತು ನಿಂತು ನೋಡಿದರೆ ಗಾಲಿಯಿಲ್ಲದ ಮನೆಗಾಡಿಗಳನ್ನು ಕಾಣಬಹುದು. ಒಂದು ಚೀಲದಲ್ಲಿ ಜೋಳದ ಹಿಟ್ಟು, ಇನ್ನೊಂದರಲ್ಲಿ ಪಾತ್ರೆ ಪಡಗ, ಬಟ್ಟೆಯಲ್ಲಿ ಕಟ್ಟಿದ ನಾಲ್ಕು ದಿನದ ರೊಟ್ಟಿ, ಸುತ್ತಿದ ಕೌದಿ, ಅದರ ಮೇಲೆ ಕುಳಿತ ಮಗು. ಮೇಸ್ತ್ರಿಯಿಂದ ಮುಂಗಡ ಕೈಗೆ ಬಂದಿರುವುದು. ಕೆಲವೊಮ್ಮೆ ಅದು ಹಳೆಯ ಸಾಲಕ್ಕೆ ಸಂದೂ ಹೋಗಿರುವುದು. ಬಸ್ಸುಗಳು ಹೊರಡುವುದು ತೆಂಕಣಕ್ಕೆ, ಬೆಂಗಳೂರಿಗೆ. ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಹೋಗುವವರೂ ಇದ್ದಾರೆ. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುಹಾದಿ ಮದರಾಸಿನ ಕಡೆಯಿಂದ ಬಂದ ಹಾದಿಯನ್ನು ಸಂಧಿಸಿದುದು ರಾಯಚೂರಿನಲ್ಲಿಯೇ ಅಲ್ಲವೆ! ದೇಶವನ್ನು ಬೆಸೆದ ಆ ಹಾದಿ ಈ ಸೀಮೆಯ ತೋಳುಗಳನ್ನೂ ದೂರದ ಪಟ್ಟಣಗಳಿಗೆ ಒಯ್ದಿತು.

ಬೆಂಗಳೂರಿನ ಓದುಗರಿಗೆ ಈ ಜನ ಅಪರಿಚಿತರೇನಲ್ಲ. ಪಕ್ಕದ ನಿವೇಶನದಲ್ಲಿ ಮಹಡಿ ಏಳುತ್ತಿರುವಾಗ ತಗಡಿನ ಶೆಡ್ಡಿನ ಮುಂದೆ ಮೂರು ಕಲ್ಲಿನ ಒಲೆ ಹೂಡಿ ರೊಟ್ಟಿ ಬಡಿಯುವ ಹೆಣ್ಣುಮಗಳನ್ನು ಯಾರು ನೋಡಿಲ್ಲ? ಆಕೆ ಸಿಮೆಂಟಿನ ಬಾಣಲಿ ಹೊತ್ತು ಕಟ್ಟಿದ ಮನೆಯ ಗೃಹಪ್ರವೇಶಕ್ಕೆ ಆಕೆ ಇರುವುದಿಲ್ಲ. ಅಷ್ಟರಲ್ಲಿ ಶೆಡ್ಡು ಮತ್ತೊಂದು ನಿವೇಶನಕ್ಕೆ ಸರಿದಿರುವುದು. ರಾಯಚೂರಿನ ಕೋಟೆಯ ಕಲ್ಲಿನ ಮೇಲೆ ಎಳೆದವರ ಚಿತ್ರವಾದರೂ ಉಂಟು. ನಗರದ ಮಹಡಿಗಳ ಮೇಲೆ ಅದೂ ಇಲ್ಲ.

ಗುಳೆಯನ್ನು ತಡೆಯಲು ಯತ್ನಗಳು ನಡೆಯದೆ ಇಲ್ಲ. 2005ರ ಉದ್ಯೋಗ ಖಾತರಿ ಕಾಯಿದೆ ಗ್ರಾಮದ ಪ್ರತಿ ಕುಟುಂಬಕ್ಕೂ ವರ್ಷಕ್ಕೆ 100 ದಿನಗಳ ಕೆಲಸದ ಭರವಸೆ ಕೊಟ್ಟಿತು. ಕೆಲಸವೂ ಕೂಲಿಯೂ ಸಕಾಲಕ್ಕೆ ದೊರೆತ ಊರುಗಳಲ್ಲಿ ಕೆಲವರು ನಿಂತರು. ತಡವಾದಲ್ಲಿ ಬಸ್ಸು ಹತ್ತಿದರು. ನಾರಾಯಣಪುರದ ಬಲದಂಡೆ ಕಾಲುವೆ ದೇವದುರ್ಗದ ಕಡೆಯ ಹಲವು ಹೊಲಗಳಿಗೆ ಕೃಷ್ಣೆಯ ನೀರನ್ನು ತಂದಿತು. 2020ರ ಮಾರ್ಚಿಯಲ್ಲಿ ರೋಗದ ಭಯದಿಂದ ದೇಶವೇ ಬಾಗಿಲು ಮುಚ್ಚಿದಾಗ, ಪಟ್ಟಣದ ಕೆಲಸ ಹೇಗೆ ಒಂದೇ ರಾತ್ರಿಯಲ್ಲಿ ಇಲ್ಲವಾಗುವುದೆಂಬುದನ್ನು ಈ ಜನ ಕಂಡರು. ವಾಹನ ಸಿಗದೆ ಕಾಲ್ನಡಿಗೆಯಲ್ಲಿಯೇ ಊರ ದಾರಿ ಹಿಡಿದವರುಂಟು. ಆದರೂ ಮತ್ತೆ ಚಳಿಗಾಲ ಬಂದಾಗ ಗಂಟು ಕಟ್ಟದೆ ಗತ್ಯಂತರವಿರಲಿಲ್ಲ.

ಈ ಪ್ರಯಾಣದ ಭಾರವನ್ನು ಹೆಚ್ಚು ಹೊರುವವರು ಇಬ್ಬರು. ಒಬ್ಬರು ಮಕ್ಕಳು. ಶಾಲೆಯ ವರ್ಷ ನಡುವಿನಲ್ಲಿರುವಾಗಲೇ ಪುಸ್ತಕ ಮುಚ್ಚುವುದು. ಪಟ್ಟಣದ ಟೆಂಟ್ ಶಾಲೆಗಳೂ ಊರಿನ ಋತುಮಾನದ ವಸತಿ ಶಾಲೆಗಳೂ ಇಂಥ ಮಕ್ಕಳಿಗಾಗಿಯೇ ಹುಟ್ಟಿದುವು. ಆದರೆ ಶೆಡ್ಡು ಸರಿದಂತೆ ಮಗುವೂ ಸರಿಯುವುದರಿಂದ ಅಕ್ಷರ ಅದರ ಬೆನ್ನು ಹತ್ತಲಾರದು. ಇನ್ನೊಬ್ಬರು ಮುದುಕರು. ಚಳಿಗಾಲದಲ್ಲಿ ಕೆಲವು ಓಣಿಗಳಲ್ಲಿ ಬೀಗ ಹಾಕಿದ ಬಾಗಿಲುಗಳ ನಡುವೆ ಒಂದು ಬಾಗಿಲು ಮಾತ್ರ ತೆರೆದಿರುವುದು. ಅಲ್ಲಿ ಒಬ್ಬ ಅಜ್ಜಿ, ಒಂದು ಆಡು, ಪಕ್ಕದ ಮೂರು ಮನೆಗಳ ಬೀಗದ ಕೈಗಳು. ಪರದೇಶಗಳಲ್ಲಿ ವೃದ್ಧರು ಒಂಟಿಯಾಗಿ ತೆಂಕಣಕ್ಕೆ ಹೋಗುವರು. ಇಲ್ಲಿ ಎಲ್ಲರನ್ನೂ ತೆಂಕಣಕ್ಕೆ ಕಳಿಸಿ ವೃದ್ಧರು ಒಂಟಿಯಾಗಿ ಉಳಿಯುವರು. ಎಳ್ಳಮಾವಾಸ್ಯೆಯ ದಿನ ಉಳಿದವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ, ಈ ಅಜ್ಜಿಯರು ದೂರವಾಣಿಯಲ್ಲಿ ಮೊಮ್ಮಕ್ಕಳ ದನಿ ಕೇಳಿ ಹಬ್ಬ ಮಾಡುವರು.

ಮನೆಗಾಡಿಯಲ್ಲಿಯೋ ಸ್ವಂತ ಕಾರಿನಲ್ಲಿಯೋ ಈ ದಾರಿಯಲ್ಲಿ ಒಬ್ಬರೇ ಹೋಗಬಯಸುವವರಿಗೆ ಕೆಲವು ಮಾತು ಉಪಯುಕ್ತವಾಗಬಹುದು. ಸುಗ್ಗಿಯ ಕಾಲದಲ್ಲಿ ರೈತರು ರಸ್ತೆಯ ಅಂಚಿನಲ್ಲಿಯೇ ಕಾಳು ಹರವಿ ಒಣಗಿಸುವರು; ಸುತ್ತ ಇಟ್ಟ ಕಲ್ಲುಗಳು ಇರುಳಿನಲ್ಲಿ ಕಾಣುವುದಿಲ್ಲ. ಆದುದರಿಂದ ಕತ್ತಲೆಯ ಪ್ರಯಾಣ ಬೇಡ. ಕಾಲುವೆಯ ದಂಡೆ ಎಷ್ಟು ರಮ್ಯವಾಗಿ ಕಂಡರೂ ಅಲ್ಲಿ ಬಿಡಾರ ಹೂಡಬಾರದು. ರಾತ್ರಿಯ ತಂಗಿಗೆ ಊರೊಳಗಿನ ಮಠ, ಗುಡಿಗಳ ಅಂಗಳವೋ ಜನ ಓಡಾಡುವ ಪೆಟ್ರೋಲ್ ಬಂಕೋ ಲೇಸು. ಯಾವುದಕ್ಕೂ ಮೊದಲು ಕೇಳಿ ಅನುಮತಿ ಪಡೆಯಬೇಕು. ಕುಡಿಯುವ ನೀರನ್ನು ರಾಯಚೂರಿನಲ್ಲಿಯೇ ತುಂಬಿಕೊಳ್ಳಬೇಕು. ನೀರಿಗಾಗಿ ಸರದಿ ನಿಲ್ಲುವ ಊರಿನಲ್ಲಿ ತೊಟ್ಟಿ ತುಂಬಿಸಿಕೊಳ್ಳುವುದು ಸಭ್ಯತೆಯಲ್ಲ. ಮಂದೆ ಎದುರಾದಾಗ ಹಾರನ್ ಬಾರಿಸದೆ ನಿಂತರೆ ಕುರಿಯವನು ತಾನೇ ದಾರಿ ಮಾಡಿಕೊಡುವನು.

ಯುಗಾದಿಯ ಹೊತ್ತಿಗೆ ಕೆಲವರು, ಮಿಕ್ಕವರು ಮುಂಗಾರಿನ ಮೊದಲ ಮೋಡದೊಡನೆ ಹಿಂದಿರುಗುವರು. ಅಜ್ಜಿ ಸೆರಗಿನ ಗಂಟು ಬಿಚ್ಚಿ ಬೀಗದ ಕೈಗಳನ್ನು ಒಂದೊಂದಾಗಿ ಒಪ್ಪಿಸುವಳು. ಆರು ತಿಂಗಳ ದೂಳು ಗುಡಿಸಿ, ಒಲೆ ಸಾರಿಸಿ, ಕೂರಿಗೆ ಹೊರಗೆ ತೆಗೆಯುವರು. ಆ ವರ್ಷ ಮಳೆಯೂ ಕಾಲುವೆಯೂ ಕೈಹಿಡಿದರೆ ಮುಂದಿನ ಚಳಿಗಾಲದಲ್ಲಿ ಓಣಿಯ ಇನ್ನೂ ಎರಡು ಬಾಗಿಲುಗಳು ತೆರೆದೇ ಇರುವುವು.