ಮುಂದಿನ ಶಾಫ್ಟು ಬಿಚ್ಚಿಟ್ಟ ಜೀಪುಗಳು

ನಮ್ಮ ಕಡೆ ಹಳೇ ಜೀಪು ಕೊಂಡವರು ಮೊದಲು ಮಾಡಿಸುತ್ತಿದ್ದ ಕೆಲಸವೆಂದರೆ ಮುಂದಿನ ಶಾಫ್ಟು ಬಿಚ್ಚಿಸುವುದು. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಸಿಗಲಿ ಎಂದೇ ಮಹಾಯುದ್ಧದ ಕಾಲದಲ್ಲಿ ಹುಟ್ಟಿದ ಗಾಡಿ ಅದು. ಕೊಟ್ಟೂರಿನ ಗ್ಯಾರೇಜಿಗೆ ಬಂದರೆ ಎರಡು ಗಾಲಿಯ ಬಲ ಬಿಟ್ಟುಕೊಟ್ಟು ಹೊರಗೆ ಹೋಗುತ್ತಿತ್ತು. ಫೋರ್‌ವೀಲ್ ಲಿವರ್ ಮುಟ್ಟದಿದ್ದರೂ ಮುಂದಿನ ಗಾಲಿಗಳು ಆ ಶಾಫ್ಟನ್ನು ಸುಮ್ಮನೆ ತಿರುಗಿಸುತ್ತಲೇ ಇರುತ್ತವೆ. ಅಷ್ಟು ಎಣ್ಣೆ ದಂಡ. 'ನಾವೇನು ಹಿಮಾಲಯ ಹತ್ತಬೇಕೇನ್ರೀ? ಕೂಡ್ಲಿಗಿಗೆ ಹೋಗಿ ಬರಾಕ ಹಿಂದಿನ ಗಾಲಿ ಎರಡು ಸಾಕು' ಎಂಬುದು ಮಾಲೀಕರ ಲೆಕ್ಕ. ಬಿಚ್ಚಿದ ಶಾಫ್ಟು ಗೋಣಿಚೀಲ ಸುತ್ತಿಕೊಂಡು ಅಟ್ಟ ಸೇರುತ್ತಿತ್ತು. ಈಗ ಬೆಂಗಳೂರಿನಿಂದ ಬರುವ ಹುಡುಗರು ಜೀಪಿಗಿಂತ ಮೊದಲು ಆ ಶಾಫ್ಟನ್ನೇ ಕೇಳುತ್ತಾರೆ.

ಈ ಸೀಮೆಗೆ ಜೀಪು ಕಾಲಿಟ್ಟದ್ದು ಸರ್ಕಾರಿ ಕೆಲಸದ ಮೇಲೆ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದಾಗ ಬಳ್ಳಾರಿ ಜಿಲ್ಲೆಯ ನಾವಿನ್ನೂ ಮದ್ರಾಸ್ ರಾಜ್ಯದವರು. ಮೈಸೂರಿಗೆ ಸೇರಿದ್ದು ಮರುವರ್ಷ. ಮುಂದೆ ಯೋಜನೆ ಬ್ಲಾಕು ಬ್ಲಾಕಿಗೂ ಹಬ್ಬಿದಾಗ ಅದರ ಜೊತೆಗೇ ಬಂದದ್ದು ಬಿ.ಡಿ.ಓ. ಜೀಪು. ಅಷ್ಟು ಹೊತ್ತಿಗೆ ಮಹೀಂದ್ರದವರು ಮುಂಬಯಿಯಲ್ಲಿ ವಿಲ್ಲೀಸ್ ಕಂಪನಿಯ ಬಿಡಿಭಾಗ ತರಿಸಿ ಜೀಪು ಜೋಡಿಸತೊಡಗಿದ್ದರು. ಊರಿಗೆ ಹೆಚ್ಚು ಪರಿಚಯವಾದದ್ದು ಎತ್ತರದ ಬಾನೆಟ್ಟಿನ ಸಿಜೆ-3ಬಿ. ಅದರ 2.2 ಲೀಟರಿನ ಪೆಟ್ರೋಲ್ ಎಂಜಿನ್ನಿನ ಪ್ರತಿ ಸಿಲಿಂಡರಿಗೂ ಒಂದು ವಾಲ್ವು ಮೇಲಿರುವುದರಿಂದ ಎಂಜಿನ್ನು ಹಳೆಯದಕ್ಕಿಂತ ಎತ್ತರ, ಎಂಜಿನ್ನಿಗೆ ತಕ್ಕಂತೆ ಬಾನೆಟ್ಟೂ ಎತ್ತರ. ನೋಡಲು ಸ್ವಲ್ಪ ಸೆಟೆದು ನಿಂತ ಹಾಗೆ ಕಾಣುತ್ತದೆ. ಅಧಿಕಾರಿಗಳಿಗೆ ಒಪ್ಪುವ ನಿಲುವು.

ಜೀಪಿನ ರಿಪೇರಿಗೂ ನಮ್ಮ ದೇಶಕ್ಕೂ ಹಳೇ ನಂಟು. 1948ರಲ್ಲಿ ಸೇನೆಗೆಂದು ಇಂಗ್ಲೆಂಡಿನ ಕಡೆಯಿಂದ ರಿಪೇರಿ ಮಾಡಿದ ಹಳೇ ಜೀಪು ತರಿಸಹೋಗಿ, ಬಂದ 155 ಗಾಡಿಗಳೂ ಕೆಲಸಕ್ಕೆ ಬಾರದವೆಂದು ಗದ್ದಲವಾಯಿತು. ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣ ಅದೇ. ಆ ಗಾಡಿಗಳನ್ನು ನಮ್ಮ ಹರಪನಹಳ್ಳಿಯ ಮಿಸ್ತ್ರಿಗಳ ಕೈಗೆ ಕೊಟ್ಟಿದ್ದರೆ ಅರ್ಧವಾದರೂ ಓಡುತ್ತಿದ್ದವೇನೋ ಎಂದು ನನಗೆ ಅನ್ನಿಸುವುದುಂಟು.

ಇಲಾಖೆ ಹರಾಜಿಗೆ ಹಾಕಿದ ಜೀಪು ಖಾಸಗಿಯವರ ಕೈಗೆ ಬಂದ ಮೇಲೆ ಅದರ ನಿಜವಾದ ಬಾಳು ಶುರುವಾಗುತ್ತಿತ್ತು. ಹಿಂಭಾಗ ಒಂದಡಿ ಉದ್ದವಾಗುತ್ತಿತ್ತು. ಎರಡೂ ಬದಿಗೆ ಎದುರುಬದುರು ಬೆಂಚು, ನಡುವೆ ಒಂದು ಮಣೆ. ಹಿಂದೆ ಜೋತುಬೀಳುವವರಿಗೆ ಫುಟ್‌ಬೋರ್ಡು, ಹಿಡಿಯಲು ಕಬ್ಬಿಣದ ಸರಳು, ಮೇಲೆ ಕ್ಯಾರಿಯರ್. ಉಜ್ಜಿನಿ, ಕಾನಾಹೊಸಹಳ್ಳಿ, ತಂಬ್ರಹಳ್ಳಿ, ಚಿಗಟೇರಿ, ಹೊಳಲು ಎಂದು ಕ್ಲೀನರ್ ಹುಡುಗ ಕೂಗುತ್ತಿದ್ದ. ಮುಂದೆ ನಾಲ್ಕು ಜನ ಕೂತ ಮೇಲೆ ಡ್ರೈವರಿಗೆ ಉಳಿಯುತ್ತಿದ್ದದ್ದು ಅರ್ಧ ಸೀಟು. ಆತನ ಬಲಗಡೆಯ ಅರ್ಧ ಮೈ ಗಾಡಿಯ ಹೊರಗೇ. ಗೇರಿನ ದಾಂಡು ನಡುವೆ ಕೂತವರ ಕಾಲ ಸಂದಿಯಲ್ಲಿ. 'ಯವ್ವಾ, ಕಾಲು ಸ್ವಲ್ಪ ಸರಸು, ಮೂರನೇದು ಹಾಕ್ತೀನಿ' ಎಂದು ಹೇಳದೆ ಮೂರನೇ ಗೇರು ಬೀಳುತ್ತಿರಲಿಲ್ಲ.

ಕೊಟ್ಟೂರೇಶ್ವರನ ತೇರು, ಮೈಲಾರದ ಕಾರಣಿಕ, ಭರತ ಹುಣ್ಣಿಮೆಗೆ ಉಚ್ಚಂಗೆಮ್ಮನ ಗುಡ್ಡ. ಮಾಘ ಬಂತೆಂದರೆ ಜೀಪುಗಳಿಗೆ ಪುರುಸೊತ್ತಿಲ್ಲ. ಹಡಗಲಿಯ ಮಲ್ಲಿಗೆ ಬುಟ್ಟಿಗಳು ನಸುಕಿನಲ್ಲಿ ಬಸ್‌ಸ್ಟ್ಯಾಂಡು ಮುಟ್ಟುತ್ತಿದ್ದದ್ದೂ ಇದರಲ್ಲೇ. ಡೀಸೆಲ್ ಹೊಗೆ, ಒದ್ದೆ ಗೋಣಿ, ಮಲ್ಲಿಗೆ ಮೂರೂ ಕೂಡಿದ ವಾಸನೆ ಮೂಗಿನಿಂದ ಇನ್ನೂ ಹೋಗಿಲ್ಲ. ಚುನಾವಣೆ ಬಂದರೆ ಬಾನೆಟ್ಟಿನ ಮೇಲೆ ಮೈಕಿನ ಹಾರ್ನು. ಚುನಾವಣೆ ಇಲ್ಲದಾಗ ಟೆಂಟ್ ಸಿನಿಮಾದ ಪ್ರಚಾರ; ಬಣ್ಣಬಣ್ಣದ ಕರಪತ್ರ ತೂರುತ್ತ ಜೀಪು ಓಣಿ ಹೊಕ್ಕರೆ ಮಕ್ಕಳೆಲ್ಲ ಅದರ ಧೂಳಿನ ಹಿಂದೆ. ಹಾರ್ನು ಕಟ್ಟಲು ಬೆಸುಗೆ ಹಾಕಿದ ಕೊಕ್ಕೆಗಳು ಎಷ್ಟೋ ಗಾಡಿಗಳಲ್ಲಿ ಕೊನೆತನಕ ಹಾಗೇ ಉಳಿದವು.

ಪೆಟ್ರೋಲು ತುಟ್ಟಿಯಾದ ಮೇಲೆ ಬಂದದ್ದು ಎಂಜಿನ್ ಬದಲಿಸುವ ಕಾಲ. ನನ್ನ ಮಟ್ಟಿಗೆ ನಮ್ಮ ಸೀಮೆಯ ಕೈಕಸುಬಿನ ಅತ್ಯುತ್ತಮ ಕಾಲವೂ ಅದೇ. ಮೆಟಡೋರಿನ ಎಂಜಿನ್ನು, ಟ್ರ್ಯಾಕ್ಟರ್ ವಂಶದ ಮಹೀಂದ್ರ ಎಂಜಿನ್ನು, ಆಮೇಲೆ ಮಹೀಂದ್ರದ ಎಂಎಂ-540 ಜೀಪಿನಲ್ಲಿ ಬಂದ 2112 ಸಿಸಿಯ ಪ್ಯೂಜೋ. ಗುಜರಿಯಲ್ಲಿ ಯಾವುದು ಸಿಕ್ಕರೆ ಅದು. ಡೀಸೆಲ್ ಎಂಜಿನ್ನು ಭಾರ ಹೆಚ್ಚು, ನಡುಕ ಹೆಚ್ಚು. ಹಳೇ ಫೌಂಡೇಶನ್ ಕತ್ತರಿಸಿ ಹೊಸದು ಬೆಸೆಯಬೇಕು. ಗೇರ್‌ಬಾಕ್ಸು ವಿಲ್ಲೀಸಿನದು, ಎಂಜಿನ್ನು ಇನ್ಯಾರದೋ. ನಡುವೆ ದಪ್ಪ ತಗಡಿನ ಪ್ಲೇಟು ಕೊರೆದು ಎರಡಕ್ಕೂ ಬೋಲ್ಟು ಕೂಡಿಸಬೇಕು. ಇಲ್ಲೇ ಇರುವುದು ವಿದ್ಯೆ. ಕ್ರ್ಯಾಂಕಿನ ನಡುಗೆರೆ ಮತ್ತು ಗೇರ್‌ಬಾಕ್ಸಿನ ನಡುಗೆರೆ ಒಂದೇ ಸಾಲಿಗೆ ಬರಬೇಕು. ಇದಕ್ಕೆ ಲೇತಿನವರು 'ಸೆಂಟರ್ ಹಿಡಿಯೋದು' ಅನ್ನುತ್ತಾರೆ. ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗು ಅಳತೊಡಗುತ್ತದೆ, ಕ್ಲಚ್ ಪ್ಲೇಟು ಬಹಳ ದಿನ ಬಾಳುವುದಿಲ್ಲ.

ಹಗರಿಬೊಮ್ಮನಹಳ್ಳಿಯ ಗ್ಯಾರೇಜಿನಲ್ಲಿ ನಾನು ಕಂಡ ಉಸ್ತಾದರೊಬ್ಬರು ನಕ್ಷೆ ಬರೆದವರಲ್ಲ. ರಟ್ಟಿನ ಹಾಳೆಯನ್ನು ಎಂಜಿನ್ನಿನ ಮೋರೆಗೆ ಒತ್ತಿ ಹಿಡಿದು, ಸುತ್ತಿಗೆಯ ದುಂಡುತಲೆಯಿಂದ ಅಂಚನ್ನು ಮೆಲ್ಲಗೆ ತಟ್ಟಿ ತೂತುಗಳ ಗುರುತು ತೆಗೆಯುತ್ತಿದ್ದರು. ಆ ರಟ್ಟೇ ನಕ್ಷೆ. ಅದನ್ನು ಹೊಸಪೇಟೆಯ ಲೇತಿಗೆ ಕಳಿಸಿ, ಬಂದ ಪ್ಲೇಟನ್ನು ಮತ್ತೆ ಅರದಿಂದ ಉಜ್ಜಿ ಉಜ್ಜಿ ಕೂರಿಸುತ್ತಿದ್ದರು. ಎಂಜಿನ್ನು ಚಾಲೂ ಮಾಡಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಹೌಸಿಂಗಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚುತ್ತಿದ್ದರು, ನಾಡಿ ಹಿಡಿದ ಪಂಡಿತನ ಹಾಗೆ. 'ಕೂತೈತಿ' ಅಂದರೆ ಕೂತಂತೆ. ಜೀಪಿನ ಹಳೇ ಆ್ಯಕ್ಸಲ್ಲಿನ ಹಲ್ಲಿನ ಲೆಕ್ಕ 8ಕ್ಕೆ 43. ಶಾಫ್ಟು ಐದು ಸುತ್ತಿಗಿಂತ ಹೆಚ್ಚು ತಿರುಗಿದರೆ ಗಾಲಿ ಒಂದು ಸುತ್ತು. ಎಳೆತ ಬಹಳ, ಓಟ ಕಡಿಮೆ. ಮೊದಲೇ ನಿಧಾನದ ಡೀಸೆಲ್ಲಿಗೆ ಇದು ಕೂಡಿದರೆ ಹಗರಿಬೊಮ್ಮನಹಳ್ಳಿಯಿಂದ ಹೊಸಪೇಟೆ ಮುಟ್ಟುವುದರೊಳಗೆ ಕಿವಿ ಕಿವುಡು. ಆದ್ದರಿಂದ ಹಿಂದಿನ ಹೌಸಿಂಗಿಗೂ ಬೇರೆ ಹಲ್ಲು ಹುಡುಕುವ ಕೆಲಸ. ಸ್ಟೇರಿಂಗಿನ ಆಟ ಮಾತ್ರ ಯಾರೂ ಪೂರ್ತಿ ತೆಗೆಸುತ್ತಿರಲಿಲ್ಲ. ಆಟವಿಲ್ಲದ ಸ್ಟೇರಿಂಗು ನಮ್ಮ ಡ್ರೈವರುಗಳಿಗೆ ಒಗ್ಗುತ್ತಿರಲಿಲ್ಲ.

ಜೀಪನ್ನು ಮೂಲೆಗೆ ತಳ್ಳಿದ್ದು ಒಳ್ಳೆಯ ರಸ್ತೆ. ಇದನ್ನು ಹೇಳಿಕೊಳ್ಳುವುದು ಕಷ್ಟ, ಯಾಕೆಂದರೆ ರಸ್ತೆಗಾಗಿ ಅರ್ಜಿ ಹಿಡಿದು ಅಲೆದವರೂ ನಾವೇ. 2000ದ ಡಿಸೆಂಬರಿನಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಂತು, ಅದೇ ವರ್ಷ ಬೊಲೆರೊ ಬಂತು. ಕೂಡ್ಲಿಗಿಯ ಮೇಲೆ ಹಾಯುವ ಹೆದ್ದಾರಿ ನಾಲ್ಕು ಸಾಲಾಯಿತು. ಮಲೆನಾಡಿನಲ್ಲಿ, ಕೊಡಚಾದ್ರಿ ಹತ್ತುವ ದಾರಿಯಲ್ಲಿ, ಜೀಪುಗಳು ಇವತ್ತೂ ಅನ್ನ ದುಡಿಯುತ್ತಿವೆ. ಅಲ್ಲಿ ಕಲ್ಲು ಕೊರಕಲುಗಳೇ ಅವಕ್ಕೆ ಆಸರೆ. ನಮ್ಮ ಬಯಲಿನಲ್ಲಿ ಟಾರು ಬಿದ್ದ ಮೇಲೆ ಕ್ರೂಸರ್, ಟಂಟಂಗಳು ಸಾಕಾದವು. ಸಂಡೂರು ಸೀಮೆಯಲ್ಲಿ ಅದಿರಿನ ಹಣ ಹರಿದ ವರ್ಷಗಳಲ್ಲಂತೂ ಕಾಸಿದ್ದವರ ಕಣ್ಣೆಲ್ಲ ಸ್ಕಾರ್ಪಿಯೋ ಮೇಲೆ. ಮನೆ ಮುಂದಿನ ಜೀಪು ಹಿತ್ತಲಿಗೆ ಹೋಯಿತು, ಹಿತ್ತಲಿನದು ಗುಜರಿಗೆ.

ಉಳಿದದ್ದನ್ನು ಕಾಗದಪತ್ರ ಮುಗಿಸುತ್ತಿದೆ. ತಯಾರಕರು ಕೊಟ್ಟ ರೂಪ ಬಿಟ್ಟು ವಾಹನವನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. 2021ರಲ್ಲಿ ಕೇಂದ್ರ ಸರ್ಕಾರ ಪುರಾತನ ವಾಹನಗಳಿಗೆ ಬೇರೆ ನೋಂದಣಿ ತಂದಿತು. 50 ವರ್ಷ ದಾಟಿರಬೇಕು, 20,000 ರೂಪಾಯಿ ಶುಲ್ಕ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. 2023ರ ಏಪ್ರಿಲ್‌ನಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯೇ ರದ್ದು. ಅಂದರೆ ಕಚೇರಿಯಿಂದ ಹರಾಜಿಗೆ ಬಂದು ಹಳ್ಳಿಯಲ್ಲಿ ಎರಡನೇ ಬಾಳು ಕಾಣುವ ದಾರಿಯೂ ಮುಚ್ಚಿತು. ಹೊಗೆ, ಸುರಕ್ಷತೆಯ ಮಾತು ನಾನು ಅಲ್ಲಗಳೆಯುವುದಿಲ್ಲ. ಹದಿನೆಂಟು ಜನ ತುಂಬಿದ ಆ ಗಾಡಿಗಳು ಸುರಕ್ಷಿತವೆಂದು ದೇವರೂ ಹೇಳಲಾರ. ಆದರೂ ನಮ್ಮ ಜೀಪಿನ ಗತಿ ನೋಡಿ. ಓಡುವ ಗಾಡಿಯೆನ್ನಲು ಕಾನೂನು ಒಪ್ಪದು, ಪುರಾತನವೆನ್ನಲು ಅದರೊಳಗೆ ಮೆಟಡೋರಿನ ಎಂಜಿನ್ನಿದೆ. ನಂಬರ್ ಪ್ಲೇಟಿನ ಕಥೆಯೂ ಇದೆ. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋದಾಗ ಹೊಸ ಗಾಡಿಗಳಿಗೆ ಕೆಎ-17 ಬಂತು. ಆಮೇಲೆ ತಾಲ್ಲೂಕು ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಎಂಜಿನ್ ಬದಲಿಸಿದ ಜೀಪಿಗೆ ಪ್ರಶ್ನೆ, ಜಿಲ್ಲೆ ಬದಲಿಸಿದ ತಾಲ್ಲೂಕಿಗೆ ಇಲ್ಲ.

ಈಗ ಹಳೇ ಜೀಪಿಗೆ ಮತ್ತೆ ಬೆಲೆ ಬಂದಿದೆ, ಬೇರೆಯದೇ ಕಣ್ಣಿಗೆ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಅಗಲ ಟೈರು, ಮಿಂಚುವ ಬಂಪರು ಹಾಕಿ ತೆರೆದ ಜೀಪು ಕಟ್ಟುವ ದಂಧೆಯೇ ಇದೆ. ಬೆಂಗಳೂರಿನ ಆಸಕ್ತರು ಇನ್ನೊಂದು ತುದಿ. ಅವರಿಗೆ ಎಲ್ಲವೂ 'ಒರಿಜಿನಲ್' ಬೇಕು. ಸೈನ್ಯದ ಹಸಿರು, ಹಳೇ ನಮೂನೆಯ ದೀಪ, ಕ್ಯಾನ್ವಾಸ್ ಟಾಪು, ಫೋರ್‌ವೀಲ್. ಅವರ ಶ್ರದ್ಧೆ ದೊಡ್ಡದು. ಒಂದು ಕಿಂಗ್‌ಪಿನ್ನಿಗಾಗಿ ಮೂರು ರಾಜ್ಯ ತಿರುಗುತ್ತಾರೆ. ನನಗಿರುವ ತಕರಾರು ಇಷ್ಟೇ. ಕಾರ್ಖಾನೆಯಿಂದ ಹೊರಬಿದ್ದ ದಿನದ ರೂಪವನ್ನು ಅವರು ಹುಡುಕುತ್ತಾರೆ. ಆ ದಿನ ಈ ಗಾಡಿಗೆ ನಮ್ಮ ಪರಿಚಯವೇ ಇರಲಿಲ್ಲ. ಬೆಂಚು, ಫುಟ್‌ಬೋರ್ಡು, ಮೈಕಿನ ಕೊಕ್ಕೆ, ಉಸ್ತಾದರು ಉಜ್ಜಿ ಕೂರಿಸಿದ ಪ್ಲೇಟು ಎಲ್ಲವೂ ಅವರ ಪಟ್ಟಿಯಲ್ಲಿ 'ತೆಗೆಯಬೇಕಾದದ್ದು'.

ಹಗರಿಬೊಮ್ಮನಹಳ್ಳಿಯ ಆ ಗ್ಯಾರೇಜಿನಲ್ಲಿ ಈಗ ಮೋಟರ್‌ಸೈಕಲ್ ಸರ್ವಿಸ್. ಉಸ್ತಾದರ ಮಗ ಲ್ಯಾಪ್‌ಟಾಪು ಚುಚ್ಚಿ ಕಾರಿನ ದೋಷ ಓದುತ್ತಾನೆ. ಸಂಪಾದನೆ ತಂದೆಗಿಂತ ಚೆನ್ನಾಗಿದೆ, ಮೈಗೆ ಗ್ರೀಸೂ ಇಲ್ಲ. ಹೋದ ಬೇಸಿಗೆಯಲ್ಲಿ ನಾನಿದ್ದಾಗಲೇ ಬೆಂಗಳೂರಿನವರೊಬ್ಬರು ಕೊಟ್ಟೂರಿನಲ್ಲಿ ಕೊಂಡ ಜೀಪನ್ನು ಲಾರಿಗೆ ಏರಿಸಿಕೊಂಡು ಬಂದರು. ಹಿಂದಿನ ಫುಟ್‌ಬೋರ್ಡು, ಸರಳು, ಬೆಂಚು ಎಲ್ಲ ಕತ್ತರಿಸಿಕೊಡಿ ಎಂದರು. ಉಸ್ತಾದರು ಸುತ್ತ ಒಮ್ಮೆ ತಿರುಗಿ ಬೆಸುಗೆಯನ್ನು ಹೆಬ್ಬೆರಳಿಂದ ಸವರಿದರು.

'ಇವು ನಾನೇ ಹಾಕಿದ್ದು ಸಾಹೇಬ್ರ. ಆಗ ಹಾಕಾಕ ಮುನ್ನೂರು ತಗೊಂಡಿದ್ದೆ.'

'ಹಂಗಾರ ತೆಗೆಯಾಕ ಎಷ್ಟು ಕೊಡಬೇಕು ಚಾಚಾ?'

'ಮೂರು ಸಾವಿರ. ಗಟ್ಟಿಯಾಗಿ ಹಾಕೀನಿ.'