ಗೌರಿಯ ಮಂಡಿ

ನಮ್ಮನೆ ಗೌರಿ ನಿಮಗೆಲ್ಲ ಗೊತ್ತಲ್ಲ, ಎಚ್ಚೆಫ್ ಕ್ರಾಸು. ಹೋದ ಮಳೆಗಾಲದಲ್ಲಿ ಅದರ ಮುಂಗಾಲಿನ ಎರಡೂ ಮಂಡಿ ನಿಂಬೆಹಣ್ಣಿನಷ್ಟು ಊದಿಕೊಂಡಿತ್ತು. ಅರಿಶಿನ ಎಣ್ಣೆ ಹಚ್ಚಿ ಸುಮ್ಮನಾಗಿದ್ದೆ. ಮಲಗೋಕೆ ಬಗ್ಗೋದು, ಮತ್ತೆ ಹಂಗೇ ನಿಲ್ಲೋದು. ರಾತ್ರಿಯೆಲ್ಲ ಸರಪಳಿ ಸದ್ದು.

ದನದ ಡಾಕ್ಟ್ರು ಬಂದವರು ಮೊದಲು ಕಾಲು ನೋಡಲಿಲ್ಲ, ನೆಲ ನೋಡಿದರು. "ಅಮ್ಮಾ, ಇಲ್ಲೊಂದ್ಸಲ ಮಂಡಿಯೂರಿ ನೋಡಿ" ಅಂದ್ರು. ನನ್ನ ಮಂಡಿನೋವು ನಿಮಗೆ ಹೇಳೋದೇ ಬೇಡ. ಊರಿದ್ದೇ "ಅಯ್ಯಬ್ಬಾ" ಅಂತ ಎದ್ದೆ. ಸೀರೆಯೂ ಒದ್ದೆ. "ನಿಮ್ಮ ಹತ್ರ ಒಂದು ನಿಮಿಷ ಆಗಲಿಲ್ಲ. ಇದು ದಿನಕ್ಕೆ 10-12 ತಾಸು ಮಲಗಬೇಕು. ಏಳುವಾಗ, ಮಲಗುವಾಗ ಮೈಭಾರ ಬೀಳೋದು ಅದೇ ಮಂಡಿ ಮೇಲೆ" ಅಂದ್ರು.

ನಂಗೆ ಮುಖ ಎತ್ತೋಕಾಗಲಿಲ್ಲ. ಆ ಸಿಮೆಂಟ್ ನೆಲ ಹಟ ಹಿಡಿದು ಹಾಕಿಸಿದ್ದೇ ನಾನು. ಪೈಪ್ ಹಿಡಿದರೆ ಹತ್ತು ನಿಮಿಷಕ್ಕೆ ಕೊಟ್ಟಿಗೆ ಸ್ವಚ್ಛ ಅಂತ ನೆಂಟರಿಗೆಲ್ಲ ತೋರಿಸಿದ್ದೆ. ಸುಲಭ ಆಗಿದ್ದು ನನಗೆ.

ನಾನು ಮದುವೆಯಾಗಿ ಬಂದಾಗ ಅತ್ತೆಯ ಕೊಟ್ಟಿಗೆಯಲ್ಲಿ ಇದ್ದದ್ದೆಲ್ಲ ಮಲೆನಾಡು ಗಿಡ್ಡ. ಬೆಳಿಗ್ಗೆ ಬಿಟ್ಟರೆ ಬೆಟ್ಟ, ಕಾನು ಸುತ್ತಿ ಸಂಜೆಗೆ ವಾಪಸು. ಕಾಲಡಿಗೆ ದರಕು, ಸೊಪ್ಪು. ಮಂಡಿ ಊದಿದ ದನ ಆಗ ನಾನು ಕಂಡಿಲ್ಲ. ಹಂಗಂತ ಅದು ಸ್ವರ್ಗವೇನಲ್ಲ ಮಾರಾಯ್ತೀರೇ. ಬೇಸಿಗೆಯಲ್ಲಿ ಪಕ್ಕೆಲುಬು ಎಣಿಸಬಹುದಿತ್ತು. ಮೈತುಂಬ ಉಣುಗು. ಚಿರತೆ ಹಿಡಿದ ಕರುವಿಗೆ ಅತ್ತೆ ಎರಡು ದಿನ ಊಟ ಬಿಟ್ಟಿದ್ದರು. ಹಾಲೋ, ಹೊತ್ತಿಗೆ ಒಂದು ಲೀಟರ್ ಸಿಕ್ಕಿದರೆ ಹಬ್ಬ.

ಆಮೇಲೆ ಮೇಯಿಸೋರು ಸಿಗಲಿಲ್ಲ. ಬೆಟ್ಟಕ್ಕೆ ಅಕೇಶಿಯಾ ಬಂತು. ಮಂಗನ ಕಾಯಿಲೆ ಹೆದರಿಕೆ ಬೇರೆ. 1957ರಲ್ಲಿ ಅದನ್ನು ಗುರುತಿಸಿದ್ದು ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲೇ ಅಲ್ವಾ. ಅದನ್ನು ಹರಡೋದೂ ಉಣುಗೇ. ಕಾಡಿಗೆ ಹೋದ ದನ ಅದನ್ನ ಮೈಮೇಲೆ ಹೊತ್ತು ತರುತ್ತೆ. ಗಿಡ್ಡಗಳನ್ನೆಲ್ಲ ಕೊಟ್ಟು ಗೌರಿಯನ್ನು ತಂದೆವು. ಡೈರಿಗೆ ದಿನಕ್ಕೆ 12 ಲೀಟರ್ ಹಾಕಿದೆ. ಆದರೆ ನಾಲ್ಕು ವರ್ಷ ಅದು ಕಟ್ಟಿದ ಜಾಗ ಬಿಟ್ಟು ಹತ್ತು ಹೆಜ್ಜೆ ನಡೆದಿರಲಿಲ್ಲ. ಇದು ನಂಗೆ ಹೊಳೆದದ್ದೇ ಅವತ್ತು.

ರಬ್ಬರ್ ಮ್ಯಾಟ್ ತಂದು ಮೇಲೆ ಒಣ ದರಕು ಹಾಸಿದೆ. ಒದ್ದೆಯಾದದ್ದನ್ನು ದಿನಾ ಎಳೆದುಹಾಕೋದು. ಸರಪಳಿ ಉದ್ದ ಮಾಡಿಸಿದೆ. ಮುಂಚೆ ಮೂರು ಹೊತ್ತು ಬಕೆಟ್ ಇಡ್ತಿದ್ದೆ, ಈಗ ಮುಂದೆ ಯಾವಾಗಲೂ ನೀರಿನ ತೊಟ್ಟಿ. ಹಾಲು ಕೊಡೋ ದನ ಸೆಕೆಗೆ 60 ಲೀಟರಿಗಿಂತ ಜಾಸ್ತಿ ಕುಡಿಯುತ್ತೆ ಅಂತ ತೊಟ್ಟಿ ಖಾಲಿಯಾಗೋದು ನೋಡಿಯೇ ನಂಬಿದ್ದು. ಮನೆ ಹಿಂದಿನ ಐದು ಗುಂಟೆಗೆ ಬೇಲಿ ಕಟ್ಟಿ, ಮಳೆ ಬಿಟ್ಟಮೇಲೆ ಗೌರಿಯನ್ನು ಅಲ್ಲಿ ಬಿಟ್ಟೆವು. ಸ್ವಲ್ಪ ಹೊತ್ತು ಕಟ್ಟಿಹಾಕಿದ ಹಂಗೇ ನಿಂತಿತ್ತು. ಆಮೇಲೆ ಬಾಲ ಎತ್ತಿಕೊಂಡು ಓಡಿತು ನೋಡಿ, ಇಷ್ಟು ದೊಡ್ಡ ಮೈಯ ದನ, ಕರುವಿನ ಹಂಗೆ! ಇವರು ನಗ್ತಾ ಇದ್ರು. ನಾನು ಸೆರಗಲ್ಲಿ ಕಣ್ಣು ಒರೆಸಿಕೊಂಡೆ.

ಊತ ಇಳಿಯೋಕೆ ಎರಡು ತಿಂಗಳು ಬೇಕಾಯ್ತು. ಹಾಲು ಹೆಚ್ಚಾದದ್ದು ಅರ್ಧ ಲೀಟರ್ ಅಷ್ಟೇ, ಸುಳ್ಳು ಯಾಕೆ ಹೇಳಲಿ. ಕೆಲಸ ಮಾತ್ರ ಒಂದು ತಾಸು ಜಾಸ್ತಿ. ಈಗ ರಾತ್ರಿ ಸರಪಳಿ ಸದ್ದಿಲ್ಲ, ಮೆಲುಕು ಹಾಕೋ ಸದ್ದು.

ನಿಮ್ಮನೆ ಕೊಟ್ಟಿಗೆ ಹಳೇದಿರಲಿ, ಹೊಸದಿರಲಿ, ಇವತ್ತು ಹಾಲು ಕರೆದಾದ ಮೇಲೆ ಒಂದ್ಸಲ ಅಲ್ಲಿ ಮಂಡಿಯೂರಿ ನೋಡಿ.